ಐದು ವರ್ಷದ ಪತ್ರಾವಳಿ

ಅಮರ್ಜಾ ಗ್ರಾಮೀಣ ವಿಶ್ವವಿದ್ಯಾಲಯದ ಉಗ್ರಾಣದ ಬಾಗಿಲ ಮೇಲೊಂದು ತಗಡಿನ ಬೋರ್ಡು. ಅದರ ಮೇಲೆ ಬಿಳಿ ಬಣ್ಣದಲ್ಲಿ 'ಗುರುಪಾದ, ಪ್ರಭಾರ ಉಗ್ರಾಣಪಾಲಕ' ಎಂದು ಬರೆದಿದೆ. ಹಿಂದಿನ ಉಗ್ರಾಣಪಾಲಕರು ಹದಿನೈದು ದಿನ ರಜೆ ಹಾಕಿ ಕಾಶಿಗೆ ಹೋದಾಗ, ಅವರು ಬರುವ ತನಕ ನೋಡಿಕೊಳ್ಳಲಿ ಎಂದು ಗುರುಪಾದನನ್ನು ಕೂರಿಸಿ ಬರೆಸಿದ ಬೋರ್ಡು ಅದು. ಅವರು ಕಾಶಿಯಿಂದ ಬಂದರು, ನಿವೃತ್ತರಾದರು, ಮೊಮ್ಮಗಳ ಮದುವೆಯನ್ನೂ ಮಾಡಿದರು. ಆ ಹದಿನೈದು ದಿನ ಮಾತ್ರ ಇನ್ನೂ ಮುಗಿದಿಲ್ಲ. ಹನ್ನೊಂದು ವರ್ಷವಾಯಿತು.

ಗುರುಪಾದನಿಗೆ ಬೇರೆ ಆಸೆಗಳಿರಲಿಲ್ಲ. ಆ 'ಪ್ರಭಾರ' ಒಂದು ಹೋಗಿಬಿಟ್ಟರೆ ಸಾಕಿತ್ತು. ಅವನ ಹೆಂಡತಿ ಜಯಮಾಲಾಳಿಗೂ ಅಷ್ಟೇ.

"ನನ್ನ ತಂಗಿ ವಿಜಯಶ್ರೀ ಗಂಡ ನೌಕರಿಗಿ ಸೇರಿ ಮೂರು ವರ್ಷದಾಗ ಖಾಯಂ ಆದ. ನೀವು ನೋಡಿದ್ರ ಇನ್ನೂ ಪ್ರಭಾರ. ಮಂದಿ ಅದೇನು ನಿಮ್ಮ ಮನಿತನದ ಅಡ್ಡಹೆಸರೇನಬೇ ಅಂತ ನನಗ ಕೇಳಾಕತ್ತಾರ" ಎಂದು ಅವಳು ವಾರಕ್ಕೊಮ್ಮೆ ನೆನಪಿಸುತ್ತಿದ್ದಳು.

ಇಂಥ ಗುರುಪಾದನಿಗೆ ಒಂದೇ ಒಂದು ಹೆಮ್ಮೆ ಇತ್ತು: ಹಿಂದಿ. ವಿಶ್ವವಿದ್ಯಾಲಯದ ಹಿಂದಿ ದಿವಸದ ಭಾಷಣ ಸ್ಪರ್ಧೆಯಲ್ಲಿ ಅವನಿಗೆ ಎರಡನೆಯ ಬಹುಮಾನ ಬಂದಿತ್ತು. ಸ್ಪರ್ಧೆಗೆ ನಿಂತವರು ಇಬ್ಬರೇ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಬಹುಮಾನವಾಗಿ ಬಂದ ಪ್ಲಾಸ್ಟಿಕ್ ಬಕೆಟನ್ನು ಅವನು ಬಚ್ಚಲಿಗೆ ಬಿಡದೆ ಪಡಸಾಲೆಯ ಮಾಡದಲ್ಲಿ ಇಟ್ಟಿದ್ದ.

ಆ ಬಕೆಟ್ಟಿನ ಕೀರ್ತಿಯೇ ಅವನನ್ನು ಈ ಕಥೆಯೊಳಗೆ ಎಳೆದು ತಂದದ್ದು.

ಒಂದು ದಿನ ಮುಂಜಾನೆ ಉಪಕುಲಸಚಿವ ವ್ಯಂಕಟೇಶ ಸಾಹೇಬರು ಅವನನ್ನು ಕರೆಸಿದರು. ಅವರ ಕೈಯಲ್ಲಿ ದೆಹಲಿಯಿಂದ ಬಂದ ಒಂದು ಪತ್ರ. ಅದು ಪೂರಾ ಹಿಂದಿ.

"ಗುರುಪಾದ, ನೀ ಹಿಂದಿ ಪಂಡಿತ ಅಲ್ಲೇನೋ? ಇದನ್ನ ಜರಾ ಓದಿ ಹೇಳು. ಮೊದಲನೇ ಸಾಲಿನ್ಯಾಗೇ 'ಹರಿತ ಕ್ರಯ' ಅಂತ ಅದ. ಹರಿತ ಅಂದ್ರ ಚೂಪು ಅಲ್ಲ? ನಾವು ಚಾಕು ಕತ್ತರಿ ಖರೀದಿ ಮಾಡಿದ್ರಾಗ ಏನರ ತಕರಾರು ಬಂದದೇನು?"

ಗುರುಪಾದ ಮುಗುಳ್ನಕ್ಕ. ಪಂಡಿತರು ಮಾತ್ರ ನಗಬಲ್ಲ ನಗೆ ಅದು. "ಕನ್ನಡದಾಗ ಚೂಪು ಖರೆ ಸಾಹೇಬ್ರ. ಹಿಂದಿಯೊಳಗ ಹರಿತ ಅಂದ್ರ ಹಸುರ್ರಿ. ಹರಿತ ಕ್ರಯ ಅಂದ್ರ ನಮ್ಮ ಹಸಿರು ಖರೀದಿ."

ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿದರು. ಕಠಿಣ ಪದವನ್ನು ಸರಿಯಾಗಿ ಹೇಳಿದವನು ಸುಲಭ ಪದದಲ್ಲಿ ಎಡವುತ್ತಾನೆ ಎಂದು ಯಾರಿಗಾದರೂ ಹೇಗೆ ಅನುಮಾನ ಬಂದೀತು?

ಹಸಿರು ಖರೀದಿಯ ಹಕೀಕತ್ತು ಹೀಗಿತ್ತು. ಐದು ವರ್ಷದ ಹಿಂದೆ ವಿಶ್ವವಿದ್ಯಾಲಯ ಒಂದು ನೀತಿ ಮಾಡಿತ್ತು. 'ನಾವು ಕೊಳ್ಳುವ ಯಾವ ವಸ್ತುವೂ ಭೂಮಿಗೆ ಭಾರವಾಗಬಾರದು' ಎಂದು ಅದರ ಮೊದಲ ವಾಕ್ಯ. ಕಾಗದ ಮರುಬಳಕೆಯದಿರಬೇಕು, ದೀಪ ಕಡಿಮೆ ವಿದ್ಯುತ್ತಿನದಿರಬೇಕು, ಹತ್ತಿರದವರು ಕೈಯಿಂದ ಮಾಡಿದ್ದಿದ್ದರೆ ದೂರದಿಂದ ತರಿಸಬಾರದು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಆವರಣದೊಳಗೇ ಬರಬಾರದು. ಇದನ್ನೆಲ್ಲ ನುಣುಪಾದ ಹೊಸ ಕಾಗದದಲ್ಲಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹೊದಿಕೆ ತೊಡಿಸಿ, ಎಲ್ಲ ವಿಭಾಗಗಳಿಗೂ ಹಂಚಿದ್ದರು. ಆಮೇಲೆ ನೀತಿ ಅಲ್ಮಾರಿಯಲ್ಲಿ ಉಳಿಯಿತು, ಥರ್ಮಾಕೋಲ್ ತಟ್ಟೆ ಊಟದ ಹಾಲಿನಲ್ಲಿ ಉಳಿಯಿತು. ಈಗ ದೆಹಲಿಯ ಸಮಿತಿಯೊಂದು ತನಿಖೆಗೆ ಬರುವುದಾಗಿ ಬರೆದಿತ್ತು.

"ನೋಡು, ನಾ ಕುಲಸಚಿವರ ಮುಂದ ಮಾತು ಕೊಟ್ಟೇನಿ" ಎಂದರು ಸಾಹೇಬರು. "ಇದು ಬರಾಬರ್ ನಡೀತಂದ್ರ ನಿನ್ನ ಪ್ರಭಾರ ತಗಸ್ತೇನಿ. ನಡೀಲಿಲ್ಲಂದ್ರ ಜೇವರ್ಗಿ ಉಪಕೇಂದ್ರದ ಗೋದಾಮಿಗಿ ಕಳಸ್ತೇನಿ. ಅಲ್ಲೂ ಪ್ರಭಾರನೇ. ಪತ್ರದಾಗ ಏನೇನು ಕೇಳ್ಯಾರೋ ಎಲ್ಲ ನೀನೇ ತಯಾರು ಮಾಡು. ನನಗ ಕೇಳಬ್ಯಾಡ."

ಗುರುಪಾದ ಪತ್ರ ತೆಗೆದುಕೊಂಡು ಉಗ್ರಾಣಕ್ಕೆ ಬಂದು, ಬಾಗಿಲು ಹಾಕಿಕೊಂಡು, ಮಠದಲ್ಲಿ ಪುರಾಣ ಹೇಳುವವರ ಹಾಗೆ ಒಂದೊಂದೇ ಪದ ಬಿಡಿಸಿದ. ಅಲ್ಲಿ ಬರೆದಿದ್ದದ್ದು ಇಷ್ಟು: 'ಹರಿತ ಕ್ರಯ ಸಂಬಂಧೀ ಪಾಂಚ್ ವರ್ಷೋಂ ಕೀ ಪತ್ರಾವಲೀ ಪ್ರಸ್ತುತ ಕೀ ಜಾಯೇ.'

ಪತ್ರಾವಲಿ! ಹಿಂದಿ ಕಚೇರಿಗಳಲ್ಲಿ ಹಾಗೆಂದರೆ ಕಡತ, ಫೈಲು. ಐದು ವರ್ಷದ ಫೈಲುಗಳನ್ನು ತೋರಿಸಿ ಎಂದು ಆ ಬಡಪಾಯಿ ಸಮಿತಿ ಕೇಳಿತ್ತು. ಆದರೆ ಆಳಂದದಿಂದ ಅಫಜಲಪುರದವರೆಗೆ ಯಾವ ಮಗುವನ್ನು ಎಬ್ಬಿಸಿ ಕೇಳಿದರೂ ಪತ್ರಾವಳಿ ಎಂದರೆ ಮುತ್ತಲ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಜೋಡಿಸಿದ ಊಟದ ಎಲೆ. ಗುರುಪಾದನ ಬಾಯಲ್ಲಿ ನೀರೂರಿತು.

'ಐದು ವರ್ಷದ್ದು ಯಾಕ ಬೇಕು?' ಎಂದು ಅವನಿಗೂ ಅನ್ನಿಸದೇ ಇರಲಿಲ್ಲ. ಆದರೆ ಪಂಡಿತನಿಗೆ ಅರ್ಥ ಬೇಕಾದಾಗ ಅರ್ಥ ಬಂದೇ ಬರುತ್ತದೆ. ಪ್ಲಾಸ್ಟಿಕ್ಕಿಗೆ ಬದಲು ಎಲೆ ಎಂದಮೇಲೆ, ಅದು ಎಷ್ಟು ವರ್ಷ ತಾಳುತ್ತದೆ ಎಂದು ನೋಡಬೇಡವೇ?

ಮುಂದಿನ ಸಾಲುಗಳು ಅವನ ಅರ್ಥಕ್ಕೆ ಸಾಕ್ಷಿ ಹೇಳಿದವು. 'ಪ್ರತಿ ಪತ್ರ ನತ್ಥಿ ಮಾಡಿರಬೇಕು.' ಪ್ರತಿ ಕಾಗದವನ್ನೂ ಫೈಲಿಗೆ ಪೋಣಿಸಿರಬೇಕು ಎಂದು ಅವರ ಮಾತು. ಗುರುಪಾದನಿಗೆ ಮಾತ್ರ ಪತ್ರ ಎಂದರೆ ಎಲೆ. ಶಿವನಿಗೆ ಏರಿಸುವುದು ಬಿಲ್ವಪತ್ರೆಯಲ್ಲವೆ? ನತ್ಥಿ ಎಂದರೆ ಚುಚ್ಚುವುದು; ಹೆಂಗಸರು ಮೂಗಿಗೆ ಚುಚ್ಚಿಕೊಳ್ಳುವುದು ನತ್ತು. ಎಲೆಗಳನ್ನು ಕಡ್ಡಿಯಿಂದ ಚುಚ್ಚಿರಬೇಕು, ಸರಿ. 'ಪೃಷ್ಠ ಸಂಖ್ಯೆ ಹಾಕಿರಬೇಕು.' ಪುಟದ ಸಂಖ್ಯೆ ಎಂದು ಅವರ ಉದ್ದೇಶ. ಗುರುಪಾದ ಈ ಪದಕ್ಕೆ ಮಾತ್ರ ಸ್ವಲ್ಪ ನಾಚಿದ. ಕನ್ನಡದಲ್ಲಿ ಪೃಷ್ಠವೆಂದರೆ ಕುಂಡೆ. ಎಲೆಗೆ ಕುಂಡೆಯೆಂದರೆ ಹಿಂಬದಿ. ಹಿಂಬದಿಗೆ ಸಂಖ್ಯೆ, ಸರಿ. 'ಸಕ್ಷಮ ಅಧಿಕಾರಿಯ ಸಹಿ, ಮುದ್ರೆ ಇರಬೇಕು.' ಸರಿ, ಸರಿ.

*

ಆ ಭಾನುವಾರ ಗುರುಪಾದ ಹೆಂಡತಿಯನ್ನು ಕರೆದುಕೊಂಡು ನರೋಣಾಕ್ಕೆ, ಅತ್ತೆ ನಿಂಬೆವ್ವನ ಮನೆಗೆ ಹೋದ. ನಿಂಬೆವ್ವ ಬೇಸಿಗೆಯಲ್ಲೆಲ್ಲ ಕಟ್ಟೆಯ ಮೇಲೆ ಕೂತು ಭಜನೆಯ ಪದ ಹಾಡುತ್ತ ಪತ್ರಾವಳಿ ಹಚ್ಚುವವಳು. ಊರಿನ ಯಾವ ಮದುವೆಗೂ ಅವಳ ಅಟ್ಟದಿಂದ ಒಂದು ಕಟ್ಟು ಇಳಿಯಲೇಬೇಕು.

"ಅತ್ತಿ, ಐದು ವರ್ಷದ ಹಿಂದಿನ ಪತ್ರಾವಳಿ ಬೇಕಾಗ್ಯಾವ್ರಿ."

ನಿಂಬೆವ್ವ ಅಳಿಯನ ಮುಖವನ್ನು ನೋಡಿ, ಮಗಳ ಮುಖವನ್ನು ನೋಡಿದಳು. "ಯಾಕ ಜಯಮಾಲಾ, ಅಳಿಯಂದ್ರಿಗಿ ಆರಾಮ ಇಲ್ಲೇನ?"

"ದಿಲ್ಲಿಯಿಂದ ಮಂದಿ ಬಂದು ನೋಡತಾರಂತಬೇ ಯವ್ವಾ. ಸಹಿ ಸುದ್ದಾ ಮಾಡತಾರಂತ."

"ಪತ್ರಾವಳಿಗಿ ಸಹಿ?"

"ಸರ್ಕಾರದ್ದು ಅಂದಮ್ಯಾಲ ಎಲ್ಲಕ್ಕೂ ಸಹಿ ಇರತಾದ್ರಿ ಅತ್ತಿ" ಎಂದ ಗುರುಪಾದ.

ನಿಂಬೆವ್ವ ಅಟ್ಟದಿಂದ ಒಂದು ಕಟ್ಟು ಇಳಿಸಿದಳು. ಅದು ಕೊರೋನಾ ವರ್ಷದ್ದು. ವಿಜಯಶ್ರೀಯ ಮದುವೆಗೆಂದು ನಾಲ್ಕು ನೂರು ಪತ್ರಾವಳಿ ಹಚ್ಚಿ ಇಟ್ಟಾಗ, ಐವತ್ತೇ ಮಂದಿ ಸೇರಬೇಕೆಂದು ಪೊಲೀಸರು ಬಂದು ಹೇಳಿ ಹೋಗಿದ್ದರು. ಐವತ್ತು ಮಂದಿ ಉಂಡರು. ಉಳಿದ ಎಲೆಗಳಲ್ಲಿ ಎಷ್ಟೋ ಖರ್ಚಾಗಿ, ಈ ಕಟ್ಟು ಮಾತ್ರ ಹೊಗೆ ಕುಡಿಯುತ್ತ ಅಟ್ಟದಲ್ಲೇ ಉಳಿದಿತ್ತು. ಹಾಗೆ ಮೊದಲ ವರ್ಷ ಸಿಕ್ಕಿತು. ಈ ವರ್ಷದ್ದೂ ಅಲ್ಲೇ ಸಿಕ್ಕಿತು. ನಡುವಿನ ಮೂರು ವರ್ಷಕ್ಕೆ ಗುರುಪಾದ ಹಸನಸಾಬನ ಟೆಂಪೋ ಹತ್ತಬೇಕಾಯಿತು.

ಹಸನಸಾಬ ವಿಶ್ವವಿದ್ಯಾಲಯಕ್ಕೆ ಸಾಮಾನು ಸಾಗಿಸುವವನು. ಗೊಬ್ಬೂರಿನ ದಾರಿಯಲ್ಲಿ ಅವನು ಪತ್ರವನ್ನು ಓದಿಸಿ ಕೇಳಿದ.

"ಇದ್ಯಾವ ಹಿಂದೀರಿ ಗುರುಪಾದಣ್ಣ? ಹುಟ್ಟಿದಾಗಿನಿಂದ ಮನ್ಯಾಗ ಇದೇ ಮಾತಾಡತೇವಿ. ಪತ್ರಾವಲಿ ಅನ್ನೂ ಲಫ್ಜು ನಮ್ಮ ಅಮ್ಮಿ ಬದರುನ್ನಿಸಾನ ಬಾಯಾಗೂ ಕೇಳಿಲ್ಲ."

"ನಿಮ್ಮದು ಬಜಾರದ ಹಿಂದಿ ಹಸನಸಾಬ. ಇದು ದಫ್ತರದ ಹಿಂದಿ."

"ದಫ್ತರದ್ದೂ ಗೊತ್ತದ್ರಿ. ನಮ್ಮ ಮುತ್ತಜ್ಜ ನಿಜಾಮರ ಕಚೇರ್ಯಾಗ ಕಾರಕೂನ ಇದ್ದ. ಅವ ಫೈಲಿಗಿ ಮಿಸಲ್ ಅಂತಿದ್ದನಂತ."

"ಮಿಸಳ್ ಸೋಲಾಪುರದಾಗ ತಿನ್ನೂದಲ್ಲೇನು? ಫರಸಾಣ ಹಾಕಿ ಕೊಡತಾರಲ್ಲ?"

"ಹೌದ್ರಿ. ತಿನ್ನೂದೂ ಅದೇ, ಬರಿಯೂದೂ ಅದೇ."

ದೇವರು ಎಚ್ಚರಿಕೆ ಕೊಡದೆ ಯಾರನ್ನೂ ಕೆಡವುವುದಿಲ್ಲ. ಹಸನಸಾಬನ ಬಾಯಿಂದ ಅಂದು ಎಚ್ಚರಿಕೆ ಬಂದಿತ್ತು. ಗುರುಪಾದ ಮಿಸಳ್ ನೆನಪಾಗಿ ಹಸಿವಾಗುತ್ತಿದೆ ಎಂದು ಹೇಳಿ ಟೆಂಪೋ ನಿಲ್ಲಿಸಿ ಭಜಿ ತಿಂದ.

ಗೊಬ್ಬೂರಿನ ಭಾಗಮ್ಮನ ಮನೆಯಲ್ಲಿ ಎರಡನೆಯ ವರ್ಷ ಸಿಕ್ಕಿತು. ಅಷ್ಟರಲ್ಲಿ ಸುದ್ದಿ ಟೆಂಪೋಗಿಂತ ಮುಂದೆ ಓಡಿತ್ತು. ಮಣ್ಣೂರಿಗೆ ಹೋಗುವಾಗಲೇ ಹೆಂಗಸರು ಕಟ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದರು.

"ಸಾಹೇಬ್ರ, ಇವು ನಮ್ಮ ಮಾವ ಇದ್ದಾಗ ಹಚ್ಚಿದ್ದರಿ. ಹೊಳಿ ಊರಾಗ ಬಂದಾಗ ಅಟ್ಟದ ಮ್ಯಾಲ ಕೂತು ಉಳದಾವು. ಹಳೇವಕ್ಕ ಜಾಸ್ತಿ ಪಿಂಚಣಿ ಕೊಡತಾರಂತಲ್ಲ?"

"ಪಿಂಚಣಿ ಎಲ್ಲೀದಬೇ! ಪರೀಕ್ಷಾ ಮಾಡತಾರ."

"ಪರೀಕ್ಷಾದಾಗ ಪಾಸಾದ್ರ?"

ಗುರುಪಾದ ಕಟ್ಟನ್ನು ಟೆಂಪೋಕ್ಕೆ ಹಾಕಿದ. "ಪಾಸಾದ್ರ ದಿಲ್ಲಿಗಿ ಹೋಗತಾವು" ಎಂದುಬಿಟ್ಟ. ಅದು ಜೇವರ್ಗಿ ತಲುಪುವ ಹೊತ್ತಿಗೆ, ಹಳೆಯ ಪತ್ರಾವಳಿ ಇದ್ದವರನ್ನು ದಿಲ್ಲಿಗೆ ಕರೆದೊಯ್ಯುತ್ತಾರೆ ಎಂದಾಗಿತ್ತು. ಜೇವರ್ಗಿಯ ಬಾಳಮ್ಮ ಇಳಕಲ್ ಸೀರೆ ಉಟ್ಟು, ಚೀಲ ತುಂಬಿಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದಳು. ಅವಳನ್ನು ಇಳಿಸಲು ಅರ್ಧ ತಾಸು ಹಿಡಿಯಿತು. ಇಳಿಯುವಾಗ ಅವಳು, "ನೀ ಪ್ರಭಾರ ಅದೀಯಂತ. ಖಾಯಂ ಇದ್ದವರ ಬಂದು ಕರದ್ರ ಹೋಗತೇನಿ ಬಿಡು" ಎಂದಳು. ಗುರುಪಾದನ ಎದೆಗೆ ಅದು ಕಡ್ಡಿಯಂತೆ ನಾಟಿತು.

*

ತನಿಖೆಗೆ ಎರಡು ದಿನ ಉಳಿದಿತ್ತು. ಮುನ್ನೂರು ಪತ್ರಾವಳಿ ಉಗ್ರಾಣದಲ್ಲಿ ವರ್ಷವಾರು ಜೋಡಣೆಯಾಗಿದ್ದವು. ಹಿಂಬದಿಗೆ ಸ್ಕೆಚ್ ಪೆನ್ನಿನಿಂದ ವರ್ಷ, ಅದರ ಕೆಳಗೆ ಸಂಖ್ಯೆ, ಅದರ ಪಕ್ಕ ಗುಂಡು ಮುದ್ರೆ. ಸಹಿಯೊಂದು ಬಾಕಿ. ಗುರುಪಾದ ಒಂದು ಹೊರೆಯನ್ನು ಬೋರಲಾಗಿ ಹೊತ್ತು ವ್ಯಂಕಟೇಶ ಸಾಹೇಬರ ಕೋಣೆಗೆ ಹೋದ.

ಸಾಹೇಬರು ಫೋನಿನಲ್ಲಿದ್ದರು. ಕಲಬುರಗಿಯ ತಮ್ಮ ಬೀಗರೊಂದಿಗೆ ಜಾತಕದ ವಿಷಯ ಮಾತಾಡುತ್ತಿದ್ದರು. ಫೋನಿನಲ್ಲಿದ್ದಾಗ ಅವರು ಮುಂದೆ ಇಟ್ಟದ್ದಕ್ಕೆಲ್ಲ ಸಹಿ ಮಾಡುವರು. ಸಿಬ್ಬಂದಿಯೆಲ್ಲ ಆ ಮುಹೂರ್ತಕ್ಕೇ ಕಾಯುವರು.

"ಹೂಂ, ಹೂಂ, ಗುರುಬಲ ಅದಲ್ಲ..." ಎನ್ನುತ್ತ ಒಂದು ಸಹಿ. "ನಾಡಿ ಕೂಡಬೇಕಲ್ಲ..." ಇನ್ನೊಂದು. ಮೂರನೆಯದಕ್ಕೆ ಪೆನ್ನು ಒಂದು ಕಡ್ಡಿಗೆ ಸಿಕ್ಕಿ ನಿಂತಿತು. ಸಾಹೇಬರು ಫೋನಿಗೆ ಕೈ ಅಡ್ಡ ಹಿಡಿದು, ಮುಖ ಎತ್ತದೆಯೇ ಕೇಳಿದರು:

"ಕಾಗದ ಯಾಕಿಷ್ಟು ಒರಟ ಆಗ್ಯಾದೋ?"

"ಹಸಿರು ಖರೀದೀದು ಸಾಹೇಬ್ರ."

"ಓಹೋ, ಮರುಬಳಕೆ ಕಾಗದ! ಚಲೋ ಮಾಡಿದಿ" ಎಂದವರೇ ಮತ್ತೆ ಜಾತಕಕ್ಕೆ ಹೋದರು.

ಜಾತಕ ಕೂಡುವ ಹೊತ್ತಿಗೆ ಅರವತ್ತು ಪತ್ರಾವಳಿಗೆ ಸಹಿಯಾಗಿತ್ತು. ವರ್ಷಕ್ಕೆ ಹನ್ನೆರಡು. ಸಾಹೇಬರು ಫೋನ್ ಇಡುವ ಲಕ್ಷಣ ಕಂಡೊಡನೆ ಗುರುಪಾದ ಹೊರೆ ಎತ್ತಿಕೊಂಡು ಹೊರಬಿದ್ದ. ಇನ್ನೂ ಇನ್ನೂರ ನಲವತ್ತು ಬಾಕಿ. ನಮೂನೆಗೆ ಅರವತ್ತು ಸಾಕು ಎಂದುಕೊಂಡ.

*

ತನಿಖೆಯ ದಿನ ಬಂತು. ಆವರಣದಲ್ಲಿದ್ದ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿಗಳನ್ನೆಲ್ಲ ವ್ಯಂಕಟೇಶ ಸಾಹೇಬರು ಮುಂಜಾನೆಯೇ ಒಂದು ಕೋಣೆಯಲ್ಲಿ ತುಂಬಿಸಿ, ಬೀಗ ಹಾಕಿಸಿ, ಕೀಲಿಯನ್ನು ಸ್ವಂತ ಜೇಬಿನಲ್ಲಿ ಇಟ್ಟುಕೊಂಡಿದ್ದರು. 'ಪ್ಲಾಸ್ಟಿಕ್ ತ್ಯಜಿಸಿ' ಎಂಬ ಪ್ಲಾಸ್ಟಿಕ್ ಬ್ಯಾನರನ್ನು ಬಿಡಬೇಕೋ ಇಳಿಸಬೇಕೋ ಎಂದು ತಿಳಿಯದೆ ಅರ್ಧ ಮಡಚಿ ಕಟ್ಟಿದ್ದರು. ಅದರಲ್ಲಿ 'ತ್ಯಜಿಸಿ' ಅಷ್ಟೇ ಕಾಣುತ್ತಿತ್ತು.

ಹನ್ನೊಂದಕ್ಕೆ ಬರಬೇಕಾದ ಸಮಿತಿಯ ರೈಲು ತಡವಾಗಿ, ಒಂದೂವರೆಗೆ ಕಾರು ಬಂದಿತು. ಸಮಿತಿಯೆಂದರೆ ನರ್ಮದಾ ಮೇಡಂ ಒಬ್ಬರೇ. ಬಿಳಿ ಕೂದಲು, ಖಾದಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಅವರಿಗೆ ಹಸಿವಾಗಿತ್ತು. ಮೊದಲು ಊಟ, ಆಮೇಲೆ ಕೆಲಸ ಎಂದರು.

ಊಟಕ್ಕೆ ನಿಂಬೆವ್ವನ ಕೈಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ ತಯಾರಾಗಿತ್ತು. ಆದರೆ ಬಡಿಸುವುದು ಯಾವುದರ ಮೇಲೆ? ತಟ್ಟೆಗಳೆಲ್ಲ ಬೀಗದೊಳಗೆ ಬಂದಿ. ಅರವತ್ತು ಮಂದಿ ಕೈ ತೊಳೆದುಕೊಂಡು ನೀರು ಜಾಡಿಸುತ್ತ ನಿಂತಿದ್ದರು. ವ್ಯಂಕಟೇಶ ಸಾಹೇಬರು ಜೇಬಿನ ಕೀಲಿಯನ್ನು ಮುಟ್ಟಿ ಮುಟ್ಟಿ ಬೆವರಿದರು.

"ಏನರ ಮಾಡೋ ಗುರುಪಾದ!"

ಗುರುಪಾದ ನಿಧಾನವಾಗಿ ಮುಂದೆ ಬಂದ. ಹನ್ನೊಂದು ವರ್ಷ ಕಾದವನ ನಡಿಗೆ ಅದು. "ಪತ್ರಾವಳಿ ತಯಾರ ಅವ ಸಾಹೇಬ್ರ." ಆಮೇಲೆ ಅತ್ತೆಯ ಕಡೆ ತಿರುಗಿ, "ಉಗ್ರಾಣದಾಗ ಅವ, ತಂದು ಹಾಕ್ರಿ ಅತ್ತಿ. ಸಹಿ ಇದ್ದವು ಮ್ಯಾಲ ಅವ. ಮೊದಲು ಅವನ್ನ ಹಾಕ್ರಿ. ನಿರೀಕ್ಷಣಾ ಊಟದಾಗೇ ಆಗಿ ಹೋಗಲಿ."

ನಿಂಬೆವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಾಯಿತು. ಆಮೇಲೆ ಒಂದು ಹೊರೆ ಹೊತ್ತು ಬಂದು ಸಾಲಾಗಿ ಹಾಕಿದಳು. ನೆಲದ ಮೇಲೆ ಜಮಖಾನೆ ಹಾಸಿ ಎಲ್ಲರೂ ಕೂತರು. ನರ್ಮದಾ ಮೇಡಂ ಎಲೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು, ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ಗುರುಪಾದನ ಕಣ್ಣಿಗೆ ಬಾಗಿಲ ಮೇಲಿನ ಬೋರ್ಡು ಆಗಲೇ ಹಗುರಾಗಿ ಕಂಡಿತು.

ಊಟವಾದ ಮೇಲೆ ಎಂಜಲೆಲೆಗಳನ್ನು ಎತ್ತಿ ಬೇಲಿಯಾಚೆ ಎಸೆದರು. ಅಲ್ಲಿ ನರೋಣಾದ ಬೀರಣ್ಣನ ಆಡುಗಳು ಕಾಯುತ್ತಿದ್ದವು. ಅವು ಯಾವ ಸಮಿತಿಯ ಅನುಮತಿಯನ್ನೂ ಕೇಳುವ ಪೈಕಿ ಅಲ್ಲ.

ನರ್ಮದಾ ಮೇಡಂ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೇಜಿನ ಮುಂದೆ ಕೂತರು. "ಅಬ್ ಪತ್ರಾವಲೀ ಲಾಯಿಯೇ."

ಈಗ ಪತ್ರಾವಳಿ ತನ್ನಿ! ಗುರುಪಾದ ದಂಗಾದ. "ಮೇಡಂ... ಹೋ ಗಯಾ. ಪತ್ರಾವಲೀ ಪರ್ ಹೀ ತೋ ಖಾಯಾ ಆಪ್ ನೇ." ಅದರ ಮೇಲೇ ಉಂಡಿರಲ್ಲ!

ಮೇಡಂ ಕನ್ನಡಕ ತೆಗೆದರು. "ಕ್ಯಾ?"

ಗುರುಪಾದನ ಹಿಂದಿ ಅಲ್ಲಿಗೆ ಮುಗಿಯಿತು. ಎರಡನೆಯ ಬಹುಮಾನದ ಆಳ ಅಷ್ಟೇ ಇತ್ತು. ಅವನು ಬಾಗಿಲಲ್ಲಿದ್ದ ಹಸನಸಾಬನ ಕಡೆ ದೀನನಾಗಿ ನೋಡಿದ. ಹಸನಸಾಬ ಮುಂದೆ ಬಂದು ಬಜಾರದ ಹಿಂದಿಯಲ್ಲಿ, ಅಂದರೆ ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ, ವಿವರಿಸಿದ:

"ಮೇಡಂ, ಪತ್ರಾವಲೀ ಕೋ ಬಕರಿಯಾಂ ಖಾ ಗಯೀಂ." ಆಡುಗಳು ತಿಂದುಬಿಟ್ಟವು.

"ಪಾಂಚೋಂ ಸಾಲ್ ಕೀ?" ಐದೂ ವರ್ಷದ್ದೇ!

"ಪಾಂಚೋಂ ಸಾಲ್ ಕೀ."

"ಹಸ್ತಾಕ್ಷರ್ ವಾಲೀ?"

"ಸಹಿ, ಮುಹರ್, ನಂಬರ್, ಸಬ್ ಸಮೇತ."

ಮೇಡಂ ಕಿಟಕಿಯಿಂದ ಹೊರಗೆ ನೋಡಿದರು. ಬೀರಣ್ಣನ ಹೋತವೊಂದು ಕೊನೆಯ ಎಲೆಯನ್ನು ಅಗಿಯುತ್ತ ಅವರನ್ನೇ ನೋಡುತ್ತಿತ್ತು. ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಇಷ್ಟು ಶೀಘ್ರವಾಗಿ ಕಡತ ವಿಲೇವಾರಿ ಆದದ್ದು ಅದೇ ಮೊದಲು.

ವ್ಯಂಕಟೇಶ ಸಾಹೇಬರಿಗೆ ಇನ್ನೂ ತಿಳಿದಿರಲಿಲ್ಲ. "ಏನೋ ಗುರುಪಾದ, ಫೈಲು ಆಡಿಗಿ ಹಾಕಿದ್ಯಾ? ನಾ ಅರವತ್ತು ಕಾಗದಕ್ಕ ಸಹಿ ಮಾಡಿದೆನಲ್ಲೋ!"

"ಕಾಗದ ಅಲ್ರಿ ಸಾಹೇಬ್ರ. ಪತ್ರಾವಳಿಗಿ ಮಾಡೀರಿ."

"ಯಾವ ಪತ್ರಾವಳಿ?"

"ಈಗ ಉಂಡ್ರಲ್ರಿ."

ಸಾಹೇಬರು ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. "ಅಂದ್ರ... ನನ್ನ ಸಹಿ ಮ್ಯಾಲ ನಾನೇ ಹುಗ್ಗಿ ಉಂಡೆ?"

ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಬೀರಣ್ಣ ಗಾಬರಿಯಾಗಿ ಒಳಗೆ ಇಣುಕಿದ. "ಯಪ್ಪಾ, ಸರ್ಕಾರಿ ಸಹಿ ತಿಂದ್ರ ಆಡಿಗಿ ಏನರ ಆಗತಾದೇನ್ರಿ? ಕೇಸ ಆಗತಾದೇನು?"

"ನಿನ್ನ ಆಡಿಗಿ ಅಲ್ಲೋ, ಗುರುಪಾದನ ನೌಕರೀಗಿ ಕೇಸು" ಎಂದರು ಸಾಹೇಬರು. "ಜೇವರ್ಗಿ! ಇವತ್ತೇ ಆರ್ಡರ್ ಬರಸ್ತೇನಿ."

ಬಾಳಮ್ಮ ಜೇವರ್ಗಿಯ ಗೋದಾಮಿನ ಬಾಗಿಲಲ್ಲಿ ಇಳಕಲ್ ಸೀರೆ ಉಟ್ಟು ನಿಂತು 'ಇನ್ನೂ ಪ್ರಭಾರನೇನಪ್ಪ' ಎಂದು ಕೇಳುವುದು ಗುರುಪಾದನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ಅಡುಗೆಯ ಕಡೆಯಿಂದ ನಿಂಬೆವ್ವ ಬಂದಳು. ಸೆರಗಿನಿಂದ ಕೈ ಒರೆಸುತ್ತಿದ್ದಳು.

"ಯಾಕ್ರಿ ಅಳಿಯಂದ್ರ, ಯಾಕ ಒದರ್ಯಾಡಾಕತ್ತಾರ?"

"ಸಹಿ ಪತ್ರಾವಳಿ ಆಡು ತಿಂದವ್ರಿ ಅತ್ತಿ. ನಂದು ಮುಗೀತು."

"ಯಾರು ಹೇಳಿದ್ರು?" ಎಂದಳು ನಿಂಬೆವ್ವ. "ಅಕ್ಷರದ ಮ್ಯಾಲ ಯಾರರ ಅನ್ನ ಬಡಸ್ತಾರೇನು? ಹಿಂದ ಬರದೀರಿ, ಅದು ನೆಲಕ್ಕ ಹತ್ತತಾದ. ಮಂದಿ ಅದರ ಮ್ಯಾಲ ಉಂಡು, ಎಂಜಲಾ ಮಾಡಿ, ತುಳದು... ಸರಸ್ವತಿ ಇರತಾಳಪ್ಪಾ ಅದರಾಗ. ಸಹಿ, ಮುದ್ರಿ, ನಂಬರು, ಏನೇನು ಗೀಚಿದ್ರಿ, ಎಲ್ಲಾ ಬಾಜೂಕ ಇಟ್ಟೇನಿ. ಬಡಿಸಿದ್ದು ನಾ ಮನಿಯಿಂದ ತಂದ, ಏನೂ ಬರೀಲಾರದ ಕಟ್ಟಿನಾಗಿಂದು."

ಹೇಳಿದವಳೇ ಒಳಗೆ ಹೋಗಿ, ಉಗ್ರಾಣದ ಮೂಲೆಯಿಂದ ಒಂದು ಹೊರೆ ತಂದಳು. ತನ್ನದೊಂದು ಮಡಿ ಸೀರೆಯಲ್ಲಿ ಸುತ್ತಿ, ಮೇಲೆ ಎರಡು ಬಿಲ್ವಪತ್ರೆ ಇಟ್ಟಿದ್ದಳು. ಅದನ್ನು ಕಣ್ಣಿಗೆ ಒತ್ತಿಕೊಂಡು ಮೇಡಂ ಮುಂದಿನ ಮೇಜಿನ ಮೇಲೆ ಇಳಿಸಿದಳು.

ನರ್ಮದಾ ಮೇಡಂ ಬಿಲ್ವಪತ್ರೆಯನ್ನು ಪಕ್ಕಕ್ಕೆ ಎತ್ತಿಟ್ಟು, ಗಂಟು ಬಿಚ್ಚಿ, ಮೊದಲ ಪತ್ರಾವಳಿಯನ್ನು ಎತ್ತಿ ತಿರುವಿದರು. ೨೦೨೦-೨೧. ಕ್ರಮ ಸಂಖ್ಯೆ ಒಂದು. ಗುಂಡು ಮುದ್ರೆ. ವ್ಯಂಕಟೇಶ ಸಾಹೇಬರ ಸಹಿ. ಎರಡನೆಯದು. ಮೂರನೆಯದು, ಅದರ ಸಹಿ ನಡುವೆ ಕಡ್ಡಿಗೆ ಎಡವಿದ್ದು. ಹನ್ನೆರಡರ ತನಕ ಎಣಿಸಿ, ಮುಂದಿನ ವರ್ಷಕ್ಕೆ ಹೋದರು. ಅವರ ಭುಜ ಮೊದಲು ಸಣ್ಣಗೆ ಅಲುಗಿತು. ಆಮೇಲೆ ಇಡೀ ಕುರ್ಚಿ ಅಲುಗಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಸೆರಗು ಎಳೆದು ಕಣ್ಣೊರೆಸಿಕೊಂಡು, ಅವರು ಚೀಲದಿಂದ ತನಿಖೆಯ ಫಾರ್ಮ್ ತೆಗೆದರು. ಹಸನಸಾಬ ನಡುವೆ ನಿಂತು ದುಭಾಷಿಯಾದ.

"ಇದು ಎಷ್ಟು ದೂರದಿಂದ ಬಂತು ಅಂತ ಕೇಳತಾರಬೇ."

"ನಮ್ಮ ಹೊಲದ ಬದುವಿನ್ಯಾಗಿಂದ" ಎಂದಳು ನಿಂಬೆವ್ವ.

"ಯಾರು ಮಾಡಿದ್ರಂತ?"

"ನಾನೇ. ಗೊಬ್ಬೂರದವರು, ಮಣ್ಣೂರದವರು, ಜೇವರ್ಗಿಯಾಕಿ ಬಾಳಮ್ಮ."

"ಎಷ್ಟು ವರ್ಷ ಬಾಳತಾದಂತ?"

"ನೋಡಾಕತ್ತಾರಲ್ಲ. ಐದು ವರ್ಷದ್ದು ಕೈಯಾಗೇ ಅದ."

"ಬಳಸಿದ ಮ್ಯಾಲ ಎಲ್ಲಿ ಹೋಗತಾದಂತ?"

ನಿಂಬೆವ್ವ ಕಿಟಕಿಯ ಕಡೆ ಕೈ ತೋರಿಸಿದಳು. ಬೀರಣ್ಣನ ಹೋತ ಅದೇ ಹೊತ್ತಿಗೆ ಸರಿಯಾಗಿ ಒಮ್ಮೆ ಕೂಗಿತು. ಮೇಡಂ ಅದನ್ನೂ ಬರೆದುಕೊಂಡಂತೆ ಕಂಡಿತು.

ಕೊನೆಗೆ ಅವರು ನಿಜವಾದ ಪತ್ರಾವಲಿಯನ್ನೂ, ಅಂದರೆ ಫೈಲನ್ನೂ, ತರಿಸಿ ನೋಡಿದರು. ಐದು ವರ್ಷಕ್ಕೆ ಒಂದೇ ಫೈಲು. ಅದರಲ್ಲಿ ಒಂದೇ ಕಾಗದ. ಅದು 'ಪ್ಲಾಸ್ಟಿಕ್ ತ್ಯಜಿಸಿ' ಬ್ಯಾನರಿನ ರಸೀತಿ. ಮೇಡಂ ಅದನ್ನು ಮುಚ್ಚಿ ವ್ಯಂಕಟೇಶ ಸಾಹೇಬರಿಗೆ ವಾಪಸು ಕೊಟ್ಟು, ಪತ್ರಾವಳಿಯ ಹೊರೆಯನ್ನು ತಮ್ಮ ಕಾರಿನಲ್ಲಿ ಇಡಿಸಿದರು. ಮಣ್ಣೂರಿನಲ್ಲಿ ಗುರುಪಾದ ಆಡಿದ ಮಾತು ಹಾಗೆ ನಿಜವಾಯಿತು: ಪಾಸಾದವು ದಿಲ್ಲಿಗೆ ಹೋದವು.

*

ಎರಡು ತಿಂಗಳ ಮೇಲೆ ಆದೇಶವಾಯಿತು. ಊಟದ ಹಾಲಿಗೆ ಇನ್ನು ಮೇಲೆ ಪತ್ರಾವಳಿಯೇ. ಹಚ್ಚಿಕೊಡುವವರು ನಾಲ್ಕೂ ಊರಿನ ಹೆಂಗಸರು. ಗುರುಪಾದ ಖಾಯಂ. ಬಣ್ಣ ಬಳಿಯುವವನು ಬಂದು ಬೋರ್ಡಿನ ಮೇಲಿನ 'ಪ್ರ' ಕೆರೆಯುವಷ್ಟರಲ್ಲಿ ಊಟದ ಗಂಟೆಯಾಗಿ ಇಳಿದು ಹೋದ; ಹೋದವನು ಎರಡು ದಿನ ಬರಲಿಲ್ಲ. ಆ ಎರಡು ದಿನ ಗುರುಪಾದ 'ಭಾರ ಉಗ್ರಾಣಪಾಲಕ'ನಾಗಿದ್ದ. ಜಯಮಾಲಾ ಬಂದು ನೋಡಿ, "ಇರಲಿ ಬಿಡ್ರಿ, ಮೊದಲಿಗಿಂತ ಚಲೋ ಕಾಣತಾದ" ಎಂದಳು. ಪಡಸಾಲೆಯ ಮಾಡದಿಂದ ಬಕೆಟ್ಟು ಅವತ್ತೇ ಬಚ್ಚಲಿಗೆ ಇಳಿಯಿತು.

ಮೂರನೆಯ ದಿನ ವ್ಯಂಕಟೇಶ ಸಾಹೇಬರು ಮತ್ತೆ ಕರೆಸಿದರು. ಕೈಯಲ್ಲಿ ದೆಹಲಿಯ ಇನ್ನೊಂದು ಪತ್ರ.

"ಗುರುಪಾದ, ಮುಂದಿನ ವರ್ಷ ನರ್ಮದಾ ಮೇಡಂ ಮತ್ತ ಬರತಾರಂತ. ಎರಡು ಸಾವಿರ ಪತ್ರಾವಲಿ ತಯಾರಿಡ್ರಿ ಅಂತ ಬರದಾರ. ಈ ಸಲ ಉಣ್ಣೂದು ಕೇಳ್ಯಾರೋ, ಓದೂದು ಕೇಳ್ಯಾರೋ ನನಗ ತಿಳೀವಲ್ದು. ನೀ ಓದಿ ಅರ್ಥ ಹೇಳು."

ಗುರುಪಾದ ಪತ್ರವನ್ನು ಮುಟ್ಟಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು ನಿಂತ.

"ಸಾಹೇಬ್ರ, ನನಗ ಹಿಂದಿ ಬರಂಗಿಲ್ರಿ."